ನ್ಯಾನೋ ಕೊಳವೆಗೆ ನೀರು ನುಗ್ಗೋ ಸ್ಪೀಡು: ಲೆಕ್ಕ ಹಾಕೋದು ಹೇಗೆ, ಅಳೆಯೋದು ಹೇಗೆ

ನ್ಯಾನೋಚಾನೆಲ್ (ನ್ಯಾನೋಮೀಟರ್ ಲೆಕ್ಕದ ಆಳದ ಸಣ್ಣ ಕೊಳವೆ) ಇರೋ ಚಿಪ್ ಕೈಗೆ ಬಂದ ತಕ್ಷಣ ಎಲ್ಲರೂ ಮಾಡೋದು ಒಂದೇ ಕೆಲಸ. ಒಂದು ಹನಿ ನೀರು ಹಾಕ್ತಾರೆ, ಮೈಕ್ರೋಸ್ಕೋಪಲ್ಲಿ ವಿಡಿಯೋ ತೆಗೀತಾರೆ, ಲೆಕ್ಕಕ್ಕಿಂತ 20 ಪರ್ಸೆಂಟ್ ನಿಧಾನ ಬಂತು ಅಂತ ಗೊತ್ತಾದ್ರೆ "ನ್ಯಾನೋ ಎಫೆಕ್ಟ್ ಸಿಕ್ತು" ಅಂತ ಪ್ರಾಜೆಕ್ಟ್ ರಿಪೋರ್ಟಲ್ಲಿ ಬರೆದುಬಿಡ್ತಾರೆ. ಆ 20 ಪರ್ಸೆಂಟು ರೂಮಿನ ಟೆಂಪರೇಚರಿಂದಲೂ ಬರುತ್ತೆ, ಗಾಜಿನ ಮೇಲೆ ಕೂತಿರೋ ಜಿಡ್ಡಿಂದಲೂ ಬರುತ್ತೆ, ಚಾನೆಲ್ಲಿನ ಆಳ ತಪ್ಪಾಗಿ ಅಳೆದಿದ್ರೂ ಬರುತ್ತೆ, ನಿಜವಾದ ನ್ಯಾನೋ ಕಾರಣದಿಂದಲೂ ಬರುತ್ತೆ. ಇವುಗಳಲ್ಲಿ ಯಾವುದು ಅಂತ ಬೇರೆ ಮಾಡೋದೇ ಅಸಲಿ ಕೆಲಸ, ಅದಕ್ಕೇ ಇಷ್ಟು ಉದ್ದ ಬರೀತಿದೀನಿ. ಎಂಎಸ್ಸಿ ಫಿಸಿಕ್ಸ್, ಕೆಮಿಸ್ಟ್ರಿ, ಎಂಟೆಕ್ ಮಾಡ್ತಿರೋರಿಗೆ ಪೂರ್ತಿ ಉಪಯೋಗಕ್ಕೆ ಬರುತ್ತೆ, ಪಿಯುಸಿ ಓದ್ತಿರೋರೂ ಮೊದಲರ್ಧ ಆರಾಮಾಗಿ ಮಾಡಬಹುದು.

ಮೊದಲು ಲೆಕ್ಕ. ಪಿಯುಸಿಯಲ್ಲಿ ಕ್ಯಾಪಿಲರಿ ರೈಸ್ ಓದಿರ್ತೀರ, ಕೊಳವೆ ಸಣ್ಣ ಆದಷ್ಟೂ ನೀರು ಜಾಸ್ತಿ ಎತ್ತರ ಏರುತ್ತೆ ಅಂತ. ಜೇಮ್ಸ್ ಜೂರಿನ್ 1718ರಲ್ಲಿ ಹೇಳಿದ ನಿಯಮ ಅದು. 1 ಮಿಲಿಮೀಟರ್ ತ್ರಿಜ್ಯದ ಗಾಜಿನ ಕೊಳವೆಯಲ್ಲಿ ನೀರು ಸುಮಾರು ಒಂದೂವರೆ ಸೆಂಟಿಮೀಟರ್ ಏರುತ್ತೆ, 0.1 ಮಿಲಿಮೀಟರ್ ಆದ್ರೆ 15 ಸೆಂಟಿಮೀಟರ್. ಇದೇ ಲೆಕ್ಕ 10 ನ್ಯಾನೋಮೀಟರ್ ತ್ರಿಜ್ಯಕ್ಕೆ ಹಾಕಿದ್ರೆ ಸುಮಾರು 1.5 ಕಿಲೋಮೀಟರ್ ಬರುತ್ತೆ! ಅಂದ್ರೆ ಮೆನಿಸ್ಕಸ್ (ಕೊಳವೆಯೊಳಗಿನ ನೀರಿನ ಬಾಗಿದ ಅಂಚು) ನೀರನ್ನ 140 ಅಟ್ಮಾಸ್ಫಿಯರಿಗಿಂತ ಜಾಸ್ತಿ ಪ್ರೆಷರಲ್ಲಿ ಎಳೀತಿದೆ ಅಂತ ಅರ್ಥ. ಹಾಗಾಗಿ ನ್ಯಾನೋ ಲೆಕ್ಕದಲ್ಲಿ ಗ್ರಾವಿಟಿಯನ್ನ ಪೂರ್ತಿ ಮರೆತುಬಿಡಿ, ಚಿಪ್ಪನ್ನ ಮಲಗಿಸಿ ಇಟ್ರೂ ಒಂದೇ ನಿಲ್ಲಿಸಿ ಇಟ್ರೂ ಒಂದೇ.

ಇಷ್ಟು ಜೋರಾಗಿ ಎಳೆಯೋದಾದ್ರೆ ನೀರು ಬಂದೂಕಿನ ಗುಂಡಿನ ಥರ ಹೋಗಬೇಕಲ್ವಾ ಅನ್ಸುತ್ತೆ, ಆದ್ರೆ ಉಲ್ಟಾ, ಕೊಳವೆ ಸಣ್ಣ ಆದಷ್ಟೂ ನಿಧಾನ ಆಗುತ್ತೆ. ಯಾಕಂದ್ರೆ ಎಳೆಯೋ ಪ್ರೆಷರ್ ತ್ರಿಜ್ಯ ಅರ್ಧ ಆದ್ರೆ ಎರಡು ಪಟ್ಟು ಆಗುತ್ತೆ ಅಷ್ಟೇ, ಆದ್ರೆ ಗೋಡೆಗೆ ಉಜ್ಜಿಕೊಂಡು ಹೋಗೋ ಅಡ್ಡಿ ನಾಲ್ಕು ಪಟ್ಟು ಆಗುತ್ತೆ. ಅದರ ಜೊತೆಗೆ ಒಳಗೆ ಹೋದಷ್ಟೂ ಹಿಂದೆ ಎಳೆದುಕೊಂಡು ಹೋಗಬೇಕಾದ ನೀರಿನ ಉದ್ದ ಜಾಸ್ತಿ ಆಗ್ತಾ ಹೋಗುತ್ತೆ. ಎತ್ತು ಎಷ್ಟೇ ಗಟ್ಟಿ ಇದ್ರೂ ದಾರಿ ತುಂಬ ಕೆಸರಿದ್ದು, ಹೆಜ್ಜೆ ಹೆಜ್ಜೆಗೂ ಗಾಡಿಗೆ ಇನ್ನಷ್ಟು ಲೋಡ್ ಹೇರ್ತಾ ಹೋದ್ರೆ ಹೇಗೋ ಹಾಗೆ. ಇದನ್ನ ಸಮೀಕರಣ ಮಾಡಿದ್ದು 1918ರಲ್ಲಿ ರಿಚರ್ಡ್ ಲೂಕಾಸ್, 1921ರಲ್ಲಿ ಎಡ್ವರ್ಡ್ ವಾಶ್‌ಬರ್ನ್, ಅದಕ್ಕೇ ಲೂಕಾಸ್-ವಾಶ್‌ಬರ್ನ್ ಸಮೀಕರಣ ಅಂತಾರೆ:

ಉದ್ದದ ವರ್ಗ = (ಸರ್ಫೇಸ್ ಟೆನ್ಷನ್ × ತ್ರಿಜ್ಯ × ಕಾಂಟ್ಯಾಕ್ಟ್ ಆಂಗಲ್ಲಿನ ಕಾಸ್ × ಟೈಮ್) ÷ (2 × ವಿಸ್ಕಾಸಿಟಿ)

ಸರ್ಫೇಸ್ ಟೆನ್ಷನ್ ಅಂದ್ರೆ ದ್ರವದ ಮೇಲ್ಮೈಯ ಬಿಗಿತ, ವಿಸ್ಕಾಸಿಟಿ ಅಂದ್ರೆ ಹರಿಯೋಕೆ ದ್ರವವೇ ಒಡ್ಡೋ ಅಡ್ಡಿ, ಕಾಂಟ್ಯಾಕ್ಟ್ ಆಂಗಲ್ ಅಂದ್ರೆ ದ್ರವದ ಅಂಚು ಗೋಡೆಗೆ ತಾಗೋ ಕೋನ. ಇದು ದುಂಡು ಕೊಳವೆಗೆ. ಲ್ಯಾಬಲ್ಲಿ ಸಿಗೋ ಚಾನೆಲ್ಲುಗಳು ಸಾಮಾನ್ಯವಾಗಿ ಅಗಲ ಜಾಸ್ತಿ, ಆಳ ತೀರ ಕಮ್ಮಿ ಇರೋ ಚಪ್ಪಟೆ ಸೀಳುಗಳು, ಅವಕ್ಕೆ ತ್ರಿಜ್ಯದ ಜಾಗದಲ್ಲಿ ಆಳ ಹಾಕಿ, ಕೆಳಗೆ 2ರ ಬದಲು 3 ಹಾಕಿ. ಈ 2 ಮತ್ತೆ 3 ಅದಲು ಬದಲಾದ್ರೂ ಉತ್ತರ ಕೆಟ್ಟುಹೋಗುತ್ತೆ, ಹುಷಾರು.

ಪ್ರತಿ ಸಲ ಹತ್ತರ ಘಾತಗಳ ಜೊತೆ ಒದ್ದಾಡೋದು ಬೇಡ ಅಂದ್ರೆ ಒಂದು ಸುಲಭ ದಾರಿ ಇದೆ. ಸರ್ಫೇಸ್ ಟೆನ್ಷನ್ನನ್ನ ವಿಸ್ಕಾಸಿಟಿಯಿಂದ ಭಾಗಿಸಿದ್ರೆ ಬರೋದು ಒಂದು ಸ್ಪೀಡ್. 25 ಡಿಗ್ರಿಯಲ್ಲಿ ನೀರಿಗೆ 0.072 ಭಾಗಿಸು 0.00089, ಅಂದ್ರೆ ಸೆಕೆಂಡಿಗೆ ಸುಮಾರು 81 ಮೀಟರ್. ಎಥನಾಲಿಗೆ ಇದು ಸುಮಾರು 20, ಐಪಿಎಗೆ (ಐಸೊಪ್ರೊಪೈಲ್ ಆಲ್ಕೋಹಾಲ್) 10 ಹತ್ತಿರ, ಗ್ಲಿಸರಾಲಿಗೆ 0.1ಕ್ಕಿಂತಲೂ ಕಮ್ಮಿ. ಯಾವ ದ್ರವ ಬೇಗ ಹೋಗುತ್ತೆ ಯಾವುದು ತೆವಳುತ್ತೆ ಅಂತ ಈ ಒಂದು ನಂಬರ್ ನೋಡಿದ್ರೆ ಸಾಕು. ಈಗ ಈ ನಂಬರನ್ನ ನ್ಯಾನೋಮೀಟರಲ್ಲಿರೋ ಆಳದಿಂದ ಗುಣಿಸಿ, 3ರಿಂದ ಭಾಗಿಸಿ, 1000ದಿಂದ ಭಾಗಿಸಿ. ಸೆಕೆಂಡಿಗೆ ಎಷ್ಟು ಚದರ ಮಿಲಿಮೀಟರ್ ಅಂತ ನೇರ ಉತ್ತರ ಬರುತ್ತೆ. 100 ನ್ಯಾನೋಮೀಟರ್ ಆಳದ ಸೀಳಿಗೆ 81 × 100 ÷ 3 ÷ 1000 = 2.7. ಒಂದು ಸೆಕೆಂಡಲ್ಲಿ ನೀರು 2.7ರ ವರ್ಗಮೂಲ, ಅಂದ್ರೆ ಸುಮಾರು 1.6 ಮಿಲಿಮೀಟರ್ ಹೋಗುತ್ತೆ. ಒಂದು ಸೆಂಟಿಮೀಟರ್ ತುಂಬೋಕೆ 100 ÷ 2.7, ಅಂದ್ರೆ 37 ಸೆಕೆಂಡ್. ಆಳ 50 ನ್ಯಾನೋಮೀಟರ್ ಆದ್ರೆ 74 ಸೆಕೆಂಡ್, 10 ಆದ್ರೆ ಆರು ನಿಮಿಷದ ಮೇಲೆ. ಮೊಬೈಲ್ ಕ್ಯಾಮೆರಾ ಮೈಕ್ರೋಸ್ಕೋಪಿಗೆ ಹಿಡಿದು ವಿಡಿಯೋ ತೆಗೆದ್ರೂ ಸಾಕಾಗುವಷ್ಟು ಆರಾಮದ ಸ್ಪೀಡ್ ಇದು, ನ್ಯಾನೋ ವಿಜ್ಞಾನದಲ್ಲಿ ಇಷ್ಟು ಸಲೀಸಾಗಿ ಕಣ್ಣಿಗೆ ಕಾಣೋ ಪ್ರಯೋಗ ಸಿಗೋದು ಅಪರೂಪ.

ಶುರುವಿನ ಕ್ಷಣದಲ್ಲಿ ಈ ಸಮೀಕರಣ ಸ್ಪೀಡ್ ಅನಂತ ಅನ್ನುತ್ತೆ, ಅದು ಸರಿಯಲ್ಲ, ನೀರಿಗೂ ಜಡತ್ವ ಇದೆಯಲ್ಲ, ಬೊಸಾಂಕೆಟ್ 1923ರಲ್ಲಿ ಅದನ್ನ ಸರಿ ಮಾಡಿದ್ರು. ಆದ್ರೆ 10 ನ್ಯಾನೋಮೀಟರ್ ಕೊಳವೆಯಲ್ಲಿ ಆ ಜಡತ್ವದ ಆಟ ಸುಮಾರು ಒಂದು ನ್ಯಾನೋಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ಮುಗಿದುಹೋಗುತ್ತೆ. ನಿಮ್ಮ ಕ್ಯಾಮೆರಾಗೆ ಅದು ಕಾಣಲ್ಲ, ಬಿಟ್ಟುಬಿಡಿ.

ಮನೆಯಲ್ಲಿ ಪ್ರಾಕ್ಟೀಸ್

ಚಿಪ್ ಮುಟ್ಟೋಕೆ ಮುಂಚೆ ಒಂದು ಸಲ ಪೇಪರ್ ಮೇಲೆ ಮಾಡಿ ನೋಡಿ. ಫಿಲ್ಟರ್ ಪೇಪರಿನ ರಂಧ್ರಗಳು ಮೈಕ್ರೋಮೀಟರ್ ಲೆಕ್ಕದವು, ನ್ಯಾನೋ ಅಲ್ಲ, ಆದ್ರೆ ನಿಯಮ ಅದೇ. ಕಾಲೇಜ್ ಲ್ಯಾಬಲ್ಲಿ ಸಿಗೋ ಫಿಲ್ಟರ್ ಪೇಪರನ್ನ ಒಂದು ಸೆಂಟಿಮೀಟರ್ ಅಗಲದ ಪಟ್ಟಿ ಮಾಡಿ, ಪೆನ್ಸಿಲಲ್ಲಿ ಸೆಂಟಿಮೀಟರಿಗೊಂದು ಗೆರೆ ಎಳೀರಿ. ಪೆನ್ನು ಬೇಡ, ಇಂಕು ಹರಡುತ್ತೆ. ಪಟ್ಟಿನ ಎರಡು ಗಾಜಿನ ಅಥವಾ ಪ್ಲಾಸ್ಟಿಕ್ ಹಾಳೆಗಳ ಮಧ್ಯೆ ಇಟ್ಟು ಅಡ್ಡ ಮಲಗಿಸಿ, ಒಂದು ತುದಿ ಮಾತ್ರ ಹೊರಗೆ ಬಾಗಿ ನೀರಿನ ತಟ್ಟೆಯಲ್ಲಿ ಮುಳುಗಿರಲಿ. ಮೇಲೆ ಮುಚ್ಚದೇ ಮಾಡಿದ್ರೆ ಬೇಸಿಗೆಯಲ್ಲಿ ನೀರು ಮುಂದೆ ಹೋದಷ್ಟೂ ಆವಿ ಆಗ್ತಾ ಹೋಗಿ ಒಂದು ಕಡೆ ನಿಂತೇಬಿಡುತ್ತೆ, ಫ್ಯಾನ್ ಹಾಕಿದ್ರಂತೂ ಕೇಳೋದೇ ಬೇಡ. ಒದ್ದೆಯ ಅಂಚು ಪ್ರತಿ ಗೆರೆ ದಾಟಿದಾಗ ಮೊಬೈಲ್ ಸ್ಟಾಪ್‌ವಾಚಲ್ಲಿ ಲ್ಯಾಪ್ ಒತ್ತಿ.

ಆಮೇಲೆ ಗ್ರಾಫ್. ಇಲ್ಲೊಂದು ಮುಖ್ಯ ಪಾಯಿಂಟ್: ಉದ್ದ ಮತ್ತೆ ಟೈಮ್ ಅಲ್ಲ, ಉದ್ದದ ವರ್ಗ ಮತ್ತೆ ಟೈಮ್ ಹಾಕಿ. ಸರಳರೇಖೆ ಬಂದ್ರೆ ವಾಶ್‌ಬರ್ನ್ ನಿಯಮ ಕೆಲಸ ಮಾಡ್ತಿದೆ. ಮೊದಲ ಸೆಂಟಿಮೀಟರಿಗೆ ಎಷ್ಟು ಹೊತ್ತು ಹಿಡೀತೋ ಎರಡು ಸೆಂಟಿಮೀಟರಿಗೆ ಅದರ ನಾಲ್ಕು ಪಟ್ಟು, ಮೂರಕ್ಕೆ ಒಂಬತ್ತು ಪಟ್ಟು ಹಿಡಿಯುತ್ತೆ. ರೇಖೆ ಕೊನೆಯಲ್ಲಿ ಕೆಳಗೆ ಬಾಗಿದ್ರೆ ಆವಿಯಾಗ್ತಿದೆ ಅಂತ, ಶುರುವಲ್ಲೇ ಡೊಂಕಿದ್ರೆ ಸ್ಟಾಪ್‌ವಾಚ್ ಒತ್ತಿದ ಟೈಮ್ ತಪ್ಪು ಅಂತ. ಚಿಪ್ಪಿನ ಡೇಟಾದಲ್ಲೂ ಇದೇ ಎರಡು ರೋಗ ಇದೇ ರೂಪದಲ್ಲಿ ಬರುತ್ತೆ, ಅದಕ್ಕೇ ಪೇಪರಲ್ಲಿ ಕಣ್ಣು ಪಳಗಿಸಿಕೊಳ್ಳಿ ಅನ್ನೋದು. ಇನ್ನೊಂದು ಪಟ್ಟಿಗೆ ಮೇಣದಬತ್ತಿ ಉಜ್ಜಿ ಅದೇ ಥರ ಮಾಡಿ ನೋಡಿ, ಮೇಣ ಇರೋ ಜಾಗಕ್ಕೆ ನೀರು ಕಾಲೇ ಇಡಲ್ಲ. ಕಾಂಟ್ಯಾಕ್ಟ್ ಆಂಗಲ್ 90 ದಾಟಿದ್ರೆ ಕಾಸ್ ನೆಗೆಟಿವ್ ಆಗುತ್ತೆ, ಎಳೆಯೋ ಪ್ರೆಷರು ತಳ್ಳೋ ಪ್ರೆಷರ್ ಆಗಿಬಿಡುತ್ತೆ.

ಪಾದರಸ ಗಾಜಿಗೆ ಇದೇ ಥರ, ಆಂಗಲ್ಲು 140 ಡಿಗ್ರಿ ಹತ್ತಿರ. ಅದನ್ನ 10 ನ್ಯಾನೋಮೀಟರ್ ವ್ಯಾಸದ ರಂಧ್ರಕ್ಕೆ ನುಗ್ಗಿಸೋಕೆ ಸುಮಾರು 1,450 ಅಟ್ಮಾಸ್ಫಿಯರ್ ಪ್ರೆಷರ್ ಬೇಕು. ಸಿಮೆಂಟು, ಕಲ್ಲು, ಕ್ಯಾಟಲಿಸ್ಟುಗಳ ಒಳಗಿನ ರಂಧ್ರಗಳ ಸೈಜ್ ಅಳೆಯೋ ಪಾದರಸದ ಪೋರೋಸಿಮೀಟರ್ ನಡೆಯೋದೇ ಈ ಲೆಕ್ಕದ ಮೇಲೆ, ಆ ಐಡಿಯಾ ಕೊಟ್ಟಿದ್ದೂ ಇದೇ ವಾಶ್‌ಬರ್ನ್.

ಚಿಪ್ ಮೇಲೆ ಅಳೆಯೋದು

ಚಿಪ್ ಹೆಂಗಿರುತ್ತೆ ಅಂದ್ರೆ, ಸಿಲಿಕಾನ್ ಅಥವಾ ಗಾಜಿನ ಮೇಲೆ 50ರಿಂದ 100 ನ್ಯಾನೋಮೀಟರ್ ಆಳದ, ಹತ್ತಿಪ್ಪತ್ತು ಮೈಕ್ರೋಮೀಟರ್ ಅಗಲದ, ಒಂದು ಸೆಂಟಿಮೀಟರ್ ಉದ್ದದ ಗೆರೆ ಕೊರೆದು, ಮೇಲೊಂದು ಗಾಜಿನ ಮುಚ್ಚಳ ಬಾಂಡ್ ಮಾಡಿರ್ತಾರೆ. ನಮ್ಮ ಕಾಲೇಜಲ್ಲಿ ಕ್ಲೀನ್‌ರೂಮ್ ಎಲ್ಲಿಂದ ಬರಬೇಕು ಅನ್ನೋರಿಗೆ: ಬೆಂಗಳೂರಿನ ಐಐಎಸ್ಸಿಯಲ್ಲಿರೋ ನ್ಯಾನೋ ಕೇಂದ್ರದ ಸೌಲಭ್ಯವನ್ನ ಹೊರಗಿನ ಕಾಲೇಜಿನವರು ಬಳಸೋಕೆ ಐಎನ್‌ಯುಪಿ ಅನ್ನೋ ಸರ್ಕಾರಿ ಯೋಜನೆ ಮಾಡಿದಾರೆ, ನಿಮ್ಮ ಗೈಡ್ ಹತ್ರ ವಿಚಾರಿಸಿ. ಚಿಪ್ ಮಾಡಿಸೋದೇ ಬೇಡ ಅಂದ್ರೆ ಅಲ್ಯುಮಿನಾ ಮೆಂಬ್ರೇನ್ ರೆಡಿಮೇಡ್ ಸಿಗುತ್ತೆ, 20ರಿಂದ 200 ನ್ಯಾನೋಮೀಟರ್ ರಂಧ್ರದವು. ಆದ್ರೆ ಅದರ ದಪ್ಪ ಬರೀ 60 ಮೈಕ್ರೋಮೀಟರ್ ಆಸುಪಾಸು, 5 ನ್ಯಾನೋಮೀಟರ್ ತ್ರಿಜ್ಯ ಅಂತ ಇಟ್ಟುಕೊಂಡ್ರೂ 20 ಮಿಲಿಸೆಕೆಂಡ್ ಒಳಗೆ ತುಂಬಿಹೋಗುತ್ತೆ, ಕಣ್ಣಲ್ಲಿ ಅಳೆಯೋಕಾಗಲ್ಲ. ವೈಕರ್ ಅನ್ನೋ, ಮೈಯೆಲ್ಲ ನ್ಯಾನೋ ರಂಧ್ರವಿರೋ ಗಾಜಿನ ತುಂಡು ಸಿಕ್ಕಿದ್ರೆ ಅದು ಒಳ್ಳೇದು, ತಕ್ಕಡಿಗೆ ನೇತುಹಾಕಿ ತಳ ನೀರಿಗೆ ತಾಗಿಸಿದ್ರೆ ತೂಕ ಟೈಮಿನ ವರ್ಗಮೂಲದ ಪ್ರಕಾರ ಏರ್ತಾ ಹೋಗುತ್ತೆ, ನೋಡೋಕೇ ಖುಷಿ.

ಆಳ ಎಷ್ಟು ಅಂತ ಮುಚ್ಚಳ ಬಾಂಡ್ ಮಾಡೋಕೆ ಮುಂಚೆ ಎಎಫ್‌ಎಂ (ಅಟಾಮಿಕ್ ಫೋರ್ಸ್ ಮೈಕ್ರೋಸ್ಕೋಪ್) ಅಥವಾ ಮೇಲ್ಮೈಯ ಏರಿಳಿತ ಅಳೆಯೋ ಪ್ರೊಫೈಲೋಮೀಟರಲ್ಲಿ ಅಳೆದಿಟ್ಟುಕೊಳ್ಳಿ, ಆಮೇಲೆ ಅಳೆಯೋದು ಕಷ್ಟ. ಡಿಸೈನಲ್ಲಿ 100 ಅಂತ ಬರೆದಿರೋದು ನಿಜದಲ್ಲಿ 85 ಆಗಿದ್ರೆ ಅಲ್ಲೇ 15 ಪರ್ಸೆಂಟ್ ಹೋಯ್ತು. ಅಗಲ ತೀರಾ ಜಾಸ್ತಿ ಇಟ್ರೆ ಮುಚ್ಚಳ ಮಧ್ಯದಲ್ಲಿ ಕೆಳಗೆ ಬಗ್ಗುತ್ತೆ, ಪೂರ್ತಿ ಅಂಟಿಕೊಂಡುಬಿಡೋದೂ ಉಂಟು.

ಚಾನೆಲ್ ಒಣಗಿರಲೇಬೇಕು, ಇದನ್ನ ಜನ ಲೈಟಾಗಿ ತಗೋತಾರೆ. ಲಾರ್ಡ್ ಕೆಲ್ವಿನ್ 1871ರಲ್ಲಿ ತೋರಿಸಿದ ಹಾಗೆ ಬಾಗಿದ ಮೆನಿಸ್ಕಸ್ ಮೇಲೆ ಆವಿಯ ಒತ್ತಡ ಕಮ್ಮಿ, ಹಾಗಾಗಿ 10 ನ್ಯಾನೋಮೀಟರ್ ತ್ರಿಜ್ಯದ ಕೊಳವೆಯಲ್ಲಿ ಹ್ಯುಮಿಡಿಟಿ 90 ಪರ್ಸೆಂಟ್ ಆದ್ರೆ ಸಾಕು, ನೀವು ಹನಿ ಹಾಕೋಕೆ ಮುಂಚೆಯೇ ಗಾಳಿಯಲ್ಲಿರೋ ಆವಿ ಒಳಗೆ ನೀರಾಗಿ ಕೂತುಬಿಡುತ್ತೆ. ಮಳೆಗಾಲದಲ್ಲಿ ಮಂಗಳೂರು ಕಾರವಾರದ ಕಡೆ 90 ದಾಟೋದು ಮಾಮೂಲು. ಬಿಸಿ ಮಾಡಿ, ಒಣ ನೈಟ್ರೋಜನ್ ಬಿಟ್ಟು, ಆಮೇಲೆ ಶುರು ಮಾಡಿ. ಈ ಕೆಲ್ವಿನ್ ಸಮೀಕರಣ ಎಷ್ಟು ಗಟ್ಟಿ ಅಂದ್ರೆ, ಮ್ಯಾಂಚೆಸ್ಟರಿನಲ್ಲಿ ಆಂಡ್ರೆ ಗೈಮ್ ಗುಂಪಿನವರು 2020ರಲ್ಲಿ ಮೈಕಾ ಮತ್ತೆ ಗ್ರಾಫೈಟ್ ಹಾಳೆಗಳ ಮಧ್ಯೆ ಒಂದು ನ್ಯಾನೋಮೀಟರಿಗಿಂತ ಕಮ್ಮಿ ಎತ್ತರದ ಸಂದಿಯಲ್ಲೂ ಪರೀಕ್ಷೆ ಮಾಡಿದ್ರು, ಮೈಕಾದಲ್ಲಿ ಕರಾರುವಾಕ್ಕಾಗಿ ಹೊಂದ್ತು. ಪರಮಾಣು ದಪ್ಪದ ಲೆಕ್ಕದಲ್ಲಿ ಸಂದಿ ಮಾಡೋ ಈ ವಿದ್ಯೆಯ 2016ರ ಮೊದಲ ಕೆಲಸದಲ್ಲಿ ಮುಂದೆ ನಿಂತಿದ್ದ ರಾಧಾ ಬೋಯಾ ಪಿಎಚ್‌ಡಿ ಮಾಡಿದ್ದು ನಮ್ಮ ಬೆಂಗಳೂರಿನ ಜಕ್ಕೂರಿನ ಜವಾಹರಲಾಲ್ ನೆಹರು ಕೇಂದ್ರದಲ್ಲೇ.

ಈಗ ಹನಿ ಹಾಕಿ. ಮೈಕ್ರೋಸ್ಕೋಪಲ್ಲಿ ಮೇಲಿಂದ ಬೆಳಕು ಬಿಟ್ಟು ನೋಡಿದ್ರೆ ಖಾಲಿ ಇರೋ ಭಾಗಕ್ಕೂ ನೀರು ತುಂಬಿದ ಭಾಗಕ್ಕೂ ಬಣ್ಣದ ಛಾಯೆಯಲ್ಲಿ ವ್ಯತ್ಯಾಸ ಕಾಣುತ್ತೆ, ಆ ಗಡಿರೇಖೆ ಮೊದಲು ಸರ್ರಂತ ಓಡಿ ಆಮೇಲೆ ನಿಧಾನ ಆಗ್ತಾ ಹೋಗುತ್ತೆ. 100 ನ್ಯಾನೋಮೀಟರ್ ಅಂದ್ರೆ ಬೆಳಕಿನ ತರಂಗಾಂತರಕ್ಕಿಂತ ಕಮ್ಮಿ, ಆದ್ರೂ ಕಾಣುತ್ತೆ, ಯಾಕಂದ್ರೆ ನಾವು ನೋಡ್ತಿರೋದು ಆಳವನ್ನಲ್ಲ, ಪ್ರತಿಫಲನದಲ್ಲಾಗೋ ಬದಲಾವಣೆಯನ್ನ. ಗಮನ ಇಟ್ಟು ನೋಡಿದ್ರೆ ಗಡಿರೇಖೆ ನೇರ ಇರಲ್ಲ, ಎರಡೂ ಮೂಲೆಗಳಲ್ಲಿ ನೀರು ಸ್ವಲ್ಪ ಮುಂದೆ ಓಡಿರುತ್ತೆ, ಕೆಲವು ಸಲ ಮುಂದೆ ಹೋದ ನೀರು ಎರಡೂ ಕಡೆಯಿಂದ ಸೇರಿಕೊಂಡು ಮಧ್ಯೆ ಗಾಳಿಗುಳ್ಳೆ ಸಿಕ್ಕಿಹಾಕಿಕೊಳ್ಳುತ್ತೆ. ಆ ಗುಳ್ಳೆ ಇರೋವಷ್ಟು ಹೊತ್ತು ಅಡ್ಡಿ ಜಾಸ್ತಿ, ಆ ರನ್ನಿನ ಡೇಟಾ ಬೇರೆ ಇಡಿ. ಗುಳ್ಳೆಗಳು ಸ್ವಲ್ಪ ಹೊತ್ತಿಗೆ ನೀರಲ್ಲಿ ಕರಗಿಹೋಗ್ತವೆ. ಚಾನೆಲ್ಲಿನ ಇನ್ನೊಂದು ತುದಿ ಮುಚ್ಚಿದ್ರೂ ನೀರು ನಿಲ್ಲಲ್ಲ ಅನ್ನೋದು ನನಗೆ ತುಂಬ ಇಷ್ಟದ ವಿಷಯ: 100 ನ್ಯಾನೋಮೀಟರ್ ಆಳದಲ್ಲಿ ಎಳೆತ 14 ಅಟ್ಮಾಸ್ಫಿಯರ್, ಒಳಗಿನ ಗಾಳಿಯನ್ನ ಹದಿನೈದನೇ ಒಂದು ಭಾಗಕ್ಕೆ ಹಿಂಡಿಬಿಡುತ್ತೆ, ಉಳಿದದ್ದು ನಿಧಾನಕ್ಕೆ ಕರಗುತ್ತೆ.

ಮೆನಿಸ್ಕಸ್ ಹಿಂದೆ ಇರೋ ನೀರಿನ ಪ್ರೆಷರ್ ಸೊನ್ನೆಗಿಂತ ಕೆಳಗೆ, ನೆಗೆಟಿವ್. ನೆದರ್ಲೆಂಡ್ಸಿನ ಟ್ವೆಂಟೆ ವಿಶ್ವವಿದ್ಯಾಲಯದವರು 2003ರಲ್ಲಿ ಇಂಥ ಚಾನೆಲ್ಲಲ್ಲಿ ಮುಚ್ಚಳ ಎಷ್ಟು ಬಗ್ಗಿದೆ ಅಂತ ನೋಡಿ ಮೈನಸ್ 17 ಬಾರ್ ಅಂತ ಅಳೆದ್ರು, 10 ಬಾರ್ ಆಚೆ ಈಚೆ. ಅಡಿಕೆ ಮರದ ತುದಿಗೆ ನೀರು ಏರೋದರಲ್ಲೂ ಈ ನೆಗೆಟಿವ್ ಪ್ರೆಷರ್ರೇ ಮುಖ್ಯ. ಕಾಂಡದೊಳಗಿನ ನಾಳಗಳ ಕ್ಯಾಪಿಲರಿ ರೈಸಿಂದ ನೀರು ಏರುತ್ತೆ ಅಂತ ತುಂಬ ಜನ ಅಂದುಕೊಂಡಿದಾರೆ, ಆದ್ರೆ 10 ಮೈಕ್ರೋಮೀಟರ್ ತ್ರಿಜ್ಯದ ನಾಳ ಏರಿಸೋದು ಒಂದೂವರೆ ಮೀಟರ್ ಅಷ್ಟೇ. ಮೇಲಿಂದ ಹಿಡಿದು ಎಳೆಯೋದು ಎಲೆಯ ಜೀವಕೋಶಗಳ ಗೋಡೆಯಲ್ಲಿರೋ ನ್ಯಾನೋ ಸಂದಿಗಳ ಮೆನಿಸ್ಕಸ್ಸುಗಳು.

ಲೆಕ್ಕಕ್ಕಿಂತ ನಿಧಾನ ಬಂದ್ರೆ

ವಿಡಿಯೋದಿಂದ ಫ್ರೇಮ್ ಫ್ರೇಮಿಗೆ ಉದ್ದ ತೆಗೆದು, ವರ್ಗ ಮಾಡಿ, ಟೈಮ್ ಜೊತೆ ಗ್ರಾಫ್ ಹಾಕಿ ಸ್ಲೋಪ್ ತಗೊಂಡ್ರಿ ಅಂದುಕೊಳ್ಳಿ. 2.7 ಬರಬೇಕಿತ್ತು, 2.2 ಬಂತು. ಈಗ ಒಬ್ಬೊಬ್ಬರನ್ನೇ ಕರೆದು ವಿಚಾರಿಸಬೇಕು, ಮೊದಲು ಸುಲಭದವರನ್ನ.

ಟೆಂಪರೇಚರ್. ನೀರಿನ ವಿಸ್ಕಾಸಿಟಿ 20 ಡಿಗ್ರಿಯಲ್ಲಿ 1.00 ಮಿಲಿಪಾಸ್ಕಲ್ ಸೆಕೆಂಡ್, 25ರಲ್ಲಿ 0.89, 30ರಲ್ಲಿ 0.80. ಪುಸ್ತಕದ 25 ಡಿಗ್ರಿ ವ್ಯಾಲ್ಯೂ ಹಾಕಿ, ಎಸಿ ಓಡ್ತಿರೋ 20 ಡಿಗ್ರಿ ರೂಮಲ್ಲಿ ಅಳೆದ್ರೆ ಸ್ಲೋಪ್ ಹತ್ತು ಪರ್ಸೆಂಟ್ ಕಮ್ಮಿ ಬರುತ್ತೆ, ಹೊರಗಿನ 30 ಡಿಗ್ರಿಗೂ ಒಳಗಿನ 20ಕ್ಕೂ 20 ಪರ್ಸೆಂಟ್. ರೂಮಿನ ಥರ್ಮಾಮೀಟರ್ ಸಾಲದು, ಮೈಕ್ರೋಸ್ಕೋಪ್ ಲೈಟಿಂದ ಸ್ಟೇಜು ಬಿಸಿಯಾಗುತ್ತೆ, ಚಿಪ್ ಪಕ್ಕದಲ್ಲೇ ಒಂದು ಥರ್ಮೋಕಪಲ್ ಅಂಟಿಸಿ.

ಕಾಂಟ್ಯಾಕ್ಟ್ ಆಂಗಲ್. ಪ್ಲಾಸ್ಮಾದಲ್ಲಿ ಕ್ಲೀನ್ ಮಾಡಿದ ಗಾಜಲ್ಲಿ ಆಂಗಲ್ ಸೊನ್ನೆ ಹತ್ತಿರ. ಗಾಳಿಯಲ್ಲಿ ಬಿಟ್ರೆ ಸಾವಯವ ಜಿಡ್ಡು ಕೂತು ಏರ್ತಾ ಹೋಗುತ್ತೆ. 20 ಡಿಗ್ರಿ ಆದ್ರೆ ಕಾಸ್ 0.94, ಪರವಾಗಿಲ್ಲ. 40 ಆದ್ರೆ 0.77, ಅಲ್ಲಿಗೆ 23 ಪರ್ಸೆಂಟ್ ಹೋಯ್ತು. ಚಿಪ್ ಜೊತೆಗೆ ಅದೇ ವಸ್ತುವಿನ ಒಂದು ಚಪ್ಪಟೆ ತುಂಡನ್ನೂ ಅದೇ ಥರ ಕ್ಲೀನ್ ಮಾಡಿ ಅದೇ ಡಬ್ಬಿಯಲ್ಲಿಟ್ಟು, ಪ್ರಯೋಗದ ದಿನ ಅದರ ಮೇಲೆ ಹನಿ ಇಟ್ಟು ಆಂಗಲ್ ಅಳೆಯಿರಿ.

ಇಷ್ಟೆಲ್ಲ ಸರಿ ಇದ್ದೂ ನಿಧಾನ ಇದ್ರೆ, ಈಗ ನ್ಯಾನೋ ಕಾರಣಗಳ ಸರದಿ. ಮೊದಲನೇದು ಚಾರ್ಜ್. ಗಾಜು ನೀರಿಗೆ ತಾಗಿದ್ರೆ ಗೋಡೆ ನೆಗೆಟಿವ್ ಆಗುತ್ತೆ, ಅದರ ಮುಂದೆ ಪಾಸಿಟಿವ್ ಅಯಾನುಗಳ ಒಂದು ಪದರ ನಿಲ್ಲುತ್ತೆ. ನೀರು ಹರಿದಾಗ ಆ ಅಯಾನುಗಳೂ ಜೊತೆಗೆ ಮುಂದೆ ಹೋಗಿ ಅಲ್ಲಿ ಗುಂಪುಗೂಡ್ತವೆ, ಅದರಿಂದ ಹುಟ್ಟೋ ವೋಲ್ಟೇಜು ನೀರನ್ನ ಹಿಂದಕ್ಕೆ ಎಳೆಯುತ್ತೆ. ಎಲೆಕ್ಟ್ರೋವಿಸ್ಕಸ್ ಎಫೆಕ್ಟ್ ಅಂತಾರೆ ಇದನ್ನ. ಅದೇ ಟ್ವೆಂಟೆಯವರು 2004ರಲ್ಲಿ ಒಂದು ಸೆಂಟಿಮೀಟರ್ ಉದ್ದದ ಚಾನೆಲ್ಲುಗಳಲ್ಲಿ ಅಳೆದು, 53 ನ್ಯಾನೋಮೀಟರ್ ಆಳದಲ್ಲಿ ನೀರಿನ ವಿಸ್ಕಾಸಿಟಿ 24 ಪರ್ಸೆಂಟ್ ಜಾಸ್ತಿ ಆದ ಹಾಗೆ ಕಾಣುತ್ತೆ ಅಂತ ಹೇಳಿದ್ರು, ಅದರಲ್ಲೂ ಆಚೆ ಈಚೆ 11 ಪರ್ಸೆಂಟ್. ಅವರು ಅದನ್ನ ಸಾಬೀತು ಮಾಡೋಕೆ ಬಳಸಿದ ದಾರಿ ನೀವೂ ಬಳಸಬಹುದು, ಖರ್ಚೇ ಇಲ್ಲ: ಉಪ್ಪು ಹಾಕಿ. 0.1 ಮೋಲಾರ್ ಸೋಡಿಯಂ ಕ್ಲೋರೈಡ್, ಅಂದ್ರೆ ಲೀಟರಿಗೆ 5.8 ಗ್ರಾಂ. ಶುದ್ಧ ನೀರಲ್ಲಿ ಆ ಚಾರ್ಜ್ ಪದರ ನೂರಾರು ನ್ಯಾನೋಮೀಟರ್ ಹರಡಿರುತ್ತೆ, ಉಪ್ಪು ಹಾಕಿದ್ರೆ ಒಂದು ನ್ಯಾನೋಮೀಟರಿಗೆ ಕುಗ್ಗುತ್ತೆ. ಉಪ್ಪು ನೀರಲ್ಲಿ ಸ್ಲೋಪ್ ಲೆಕ್ಕದ ಹತ್ತಿರ ಬಂದ್ರೆ ಕಾರಣ ಚಾರ್ಜು. ಹಾಗೇ ಉಳಿದ್ರೆ ಚಾರ್ಜ್ ಅಲ್ಲ, ವಾಪಸ್ ಹೋಗಿ ಆಳ ಮತ್ತೆ ಆಂಗಲ್ ನೋಡಿ. ಇಷ್ಟು ಸ್ಪಷ್ಟವಾಗಿ ಹೌದು ಅಥವಾ ಇಲ್ಲ ಅಂತ ಹೇಳೋ ಟೆಸ್ಟು ಈ ಫೀಲ್ಡಲ್ಲಿ ಜಾಸ್ತಿ ಇಲ್ಲ, ಇದನ್ನ ಮಾಡದೇ ರಿಪೋರ್ಟ್ ಬರೀಬೇಡಿ.

ಎರಡನೇದು ಗೋಡೆಗೆ ಅಂಟಿ ನಿಲ್ಲೋ ನೀರು. ಜರ್ಮನಿಯ ಪ್ಯಾಟ್ರಿಕ್ ಹ್ಯೂಬರ್ ಗುಂಪು 2009ರಲ್ಲಿ ವೈಕರ್ ಗಾಜಿನ ಕೆಲವೇ ನ್ಯಾನೋಮೀಟರ್ ರಂಧ್ರಗಳಲ್ಲಿ ಅಳೆದಾಗ, ಗೋಡೆ ಪಕ್ಕದ ಸುಮಾರು ಅರ್ಧ ನ್ಯಾನೋಮೀಟರ್ ನೀರು ಹರಿಯಲ್ಲ, ಉಳಿದ ನೀರು ಮಾಮೂಲಿ ವಿಸ್ಕಾಸಿಟಿಯಲ್ಲೇ ಹರಿಯುತ್ತೆ ಅಂತ ಗೊತ್ತಾಯ್ತು. ಹರಿವು ತ್ರಿಜ್ಯದ ನಾಲ್ಕನೇ ಘಾತದ ಮೇಲೆ ನಿಂತಿರೋದ್ರಿಂದ 5 ನ್ಯಾನೋಮೀಟರ್ ತ್ರಿಜ್ಯದಲ್ಲಿ ಅರ್ಧ ಹೋದ್ರೆ ಹರಿವು ಮೂರನೇ ಒಂದು ಭಾಗ ಕಮ್ಮಿ. ಆದ್ರೆ ನಿಮ್ಮ 100 ನ್ಯಾನೋಮೀಟರ್ ಸೀಳಲ್ಲಿ ಇದರಿಂದ ಹೋಗೋದು ಮೂರೇ ಪರ್ಸೆಂಟ್, ಅಲ್ಲಿ 20 ಪರ್ಸೆಂಟಿಗೆ ಇದನ್ನ ಕಾರಣ ಕೊಟ್ರೆ ವೈವಾದಲ್ಲಿ ಸಿಕ್ಕಿಬೀಳ್ತೀರ.

ಲೆಕ್ಕಕ್ಕಿಂತ ಫಾಸ್ಟ್ ಬಂದ್ರೆ

ಗಾಜಿನ ಚಾನೆಲ್ಲಲ್ಲಿ ಫಾಸ್ಟ್ ಬಂದ್ರೆ ಬಹುಪಾಲು ಆಳದ ಅಳತೆ ತಪ್ಪು. ಕಾರ್ಬನ್ ನ್ಯಾನೋಟ್ಯೂಬಲ್ಲಿ (ಕಾರ್ಬನ್ ಪರಮಾಣುಗಳ ಹಾಳೆ ಸುತ್ತಿದಂಥ ಕೊಳವೆ) ಬಂದ್ರೆ ಮಾತ್ರ ಕಥೆ ಬೇರೆ, ಅಲ್ಲಿ ಗೋಡೆ ಎಷ್ಟು ನುಣುಪು ಅಂದ್ರೆ ನೀರು ಜಾರುತ್ತೆ. ಜಾರೋದನ್ನ ಸ್ಲಿಪ್ ಲೆಂತ್ ಅಂತ ಒಂದು ಉದ್ದದಲ್ಲಿ ಹೇಳ್ತಾರೆ, ಅದು ಜಾಸ್ತಿ ಇದ್ದಷ್ಟೂ ಜಾರೋದು ಜಾಸ್ತಿ, ದುಂಡು ಕೊಳವೆಗೆ ಹರಿವನ್ನ (1 + 4 × ಸ್ಲಿಪ್ ಲೆಂತ್ ÷ ತ್ರಿಜ್ಯ) ಇಂದ ಗುಣಿಸಬೇಕು. 2016ರಲ್ಲಿ ಪ್ಯಾರಿಸ್ಸಿನವರು ಒಂದೊಂದೇ ಟ್ಯೂಬಲ್ಲಿ ಅಳೆದಾಗ 15 ನ್ಯಾನೋಮೀಟರ್ ತ್ರಿಜ್ಯದ ಕಾರ್ಬನ್ ಟ್ಯೂಬಲ್ಲಿ ಸ್ಲಿಪ್ ಲೆಂತ್ 300 ನ್ಯಾನೋಮೀಟರ್ ಬಂತು, ಅಂದ್ರೆ ಹರಿವು 81 ಪಟ್ಟು. ರಚನೆಯಲ್ಲಿ ಅದರ ಹಾಗೇ ಇರೋ ಬೋರಾನ್ ನೈಟ್ರೈಡ್ ಟ್ಯೂಬಲ್ಲಿ ನೀರು ಜಾರಲೇ ಇಲ್ಲ. ಆಕಾರ ಒಂದೇ, ಸೈಜ್ ಒಂದೇ, ಗೋಡೆಯ ಎಲೆಕ್ಟ್ರಾನುಗಳು ಬೇರೆ, ಅಷ್ಟಕ್ಕೇ ಈ ಪಾಟಿ ವ್ಯತ್ಯಾಸ.

ಯಾವ ದ್ರವ ಬೇಕಾದ್ರೂ ಈ ಟ್ಯೂಬೊಳಗೆ ಹೋಗುತ್ತೆ ಅಂತಲ್ಲ. 1994ರಲ್ಲಿ ಎಬ್ಬೆಸನ್ ಮತ್ತೆ ಸಂಗಡಿಗರು ತೋರಿಸಿದ ಹಾಗೆ ಸರ್ಫೇಸ್ ಟೆನ್ಷನ್ ಒಂದು ಮಿತಿಗಿಂತ ಕಮ್ಮಿ ಇರೋವು ಮಾತ್ರ ತಾವಾಗೇ ಒಳಗೆ ಹೋಗ್ತವೆ, ಆ ಮಿತಿ ಮೀಟರಿಗೆ 0.1ರಿಂದ 0.2 ನ್ಯೂಟನ್ ಮಧ್ಯೆ ಎಲ್ಲೋ ಇದೆ. ನೀರು 0.072, ಹೋಗುತ್ತೆ. ಕರಗಿದ ಗಂಧಕ ಹೋಗುತ್ತೆ. ಪಾದರಸ 0.48, ಹೋಗಲ್ಲ.

ಟ್ಯೂಬಿನ ವ್ಯಾಸ ಒಂದು ನ್ಯಾನೋಮೀಟರ್ ಆಸುಪಾಸಿಗೆ ಬಂದ್ರೆ ಮೆನಿಸ್ಕಸ್ ಅನ್ನೋ ಮಾತಿಗೇ ಅರ್ಥ ಇಲ್ಲ, ನೀರಿನ ಅಣುಗಳು ಒಂದರ ಹಿಂದೊಂದು ಸಾಲಾಗಿ ಹೋಗ್ತವೆ. 2001ರಲ್ಲಿ ಹಮ್ಮರ್, ರಸಯ್ಯ, ನೊವೊರಿಟಾ ಕಂಪ್ಯೂಟರ್ ಸಿಮ್ಯುಲೇಷನ್ನಲ್ಲಿ ಇದನ್ನ ತೋರಿಸಿದ್ರು, ಐಐಎಸ್ಸಿಯ ಪ್ರಬಲ್ ಮೈತಿಯವರ ಗುಂಪು ಟ್ಯೂಬೊಳಗಿನ ನೀರಿನ ಎಂಟ್ರೊಪಿ ಬಗ್ಗೆ ಸಾಕಷ್ಟು ಕೆಲಸ ಮಾಡಿದೆ. ಅಲ್ಲಿಗೆ ವಾಶ್‌ಬರ್ನ್ ಸಮೀಕರಣ ಹಿಡ್ಕೊಂಡು ಹೋಗಬೇಡಿ, ಮಾಲಿಕ್ಯುಲರ್ ಡೈನಾಮಿಕ್ಸ್ ಬೇಕು, ಅಂದ್ರೆ ಒಂದೊಂದು ಅಣುವಿನ ಚಲನೆಯನ್ನೂ ಕಂಪ್ಯೂಟರಲ್ಲಿ ಲೆಕ್ಕ ಹಾಕೋ ವಿಧಾನ. ಲ್ಯಾಪ್‌ಟಾಪಲ್ಲೇ ಓಡೋ ಲ್ಯಾಂಪ್ಸ್, ಗ್ರೋಮ್ಯಾಕ್ಸ್ ಅನ್ನೋ ಸಾಫ್ಟ್‌ವೇರುಗಳು ಫ್ರೀಯಾಗಿ ಸಿಗ್ತವೆ, ಸಣ್ಣ ಟ್ಯೂಬೂ ಒಂದೆರಡು ಸಾವಿರ ನೀರಿನ ಅಣುಗಳೂ ಇದ್ರೆ ಶುರು ಮಾಡೋಕೆ ಸಾಕು.

ಕೊನೆಗೆ ರಿಪೋರ್ಟಲ್ಲಿ ಸ್ಲೋಪ್ ಒಂದನ್ನೇ ಬರೆದು ಬಿಡಬೇಡಿ. ಆಳ ಎಷ್ಟು, ಅದನ್ನ ಯಾವುದರಲ್ಲಿ ಅಳೆದ್ರಿ, ಚಿಪ್ ಟೆಂಪರೇಚರ್, ಕ್ಲೀನ್ ಮಾಡಿ ಎಷ್ಟು ಹೊತ್ತಾಗಿತ್ತು, ಆಂಗಲ್, ನೀರಲ್ಲಿ ಉಪ್ಪೆಷ್ಟು, ಇಷ್ಟೂ ಪಕ್ಕದಲ್ಲೇ ಇರಲಿ. ಉಪ್ಪು ನೀರು ಬಿಟ್ಟ ಚಿಪ್ಪನ್ನ ಹಾಗೇ ಒಣಗೋಕೆ ಬಿಡಬೇಡಿ, ಹರಳು ಒಳಗೇ ಕಟ್ಟಿಕೊಂಡ್ರೆ ಚಾನೆಲ್ ಬ್ಲಾಕ್ ಆಗುತ್ತೆ. ಡಿಐ ವಾಟರಲ್ಲಿ (ಅಯಾನುಗಳನ್ನ ತೆಗೆದ ಶುದ್ಧ ನೀರು) ಮುಳುಗಿಸಿ ಒಂದು ರಾತ್ರಿ ಬಿಟ್ಟು ಉಪ್ಪು ಹೊರಗೆ ಬಂದ ಮೇಲೆ ಒಣಗಿಸಿ. ಶುದ್ಧ ನೀರಿನ ರನ್ನುಗಳನ್ನೆಲ್ಲ ಮೊದಲು ಮುಗಿಸಿ, ಉಪ್ಪಿನದು ಕೊನೆಗಿಟ್ಟುಕೊಳ್ಳಿ.